ಸೂಜಿ ಹಿಡಿಯುವ ಕೈಗೂ ಒಂದು ಲೆಕ್ಕ

ಹತ್ತು ವರ್ಷದ ಹಿಂದೆ ನಮ್ಮಜ್ಜಿಯನ್ನು ದೊಡ್ಡಾಸ್ಪತ್ರೆಗೆ ಸೇರಿಸಿದ್ದೆವು. ರಕ್ತ ತೆಗೆಯಲು ಬಂದ ವಿದ್ಯಾರ್ಥಿ ನಾಲ್ಕು ಸಲ ಚುಚ್ಚಿದ. "ಕಲಿಯೋಕೆ ನನ್ನ ಕೈಯೇ ಸಿಕ್ತೇನಪ್ಪಾ?" ಅಂತ ಕೇಳಿದಳು ಅಜ್ಜಿ. ಆ ಪ್ರಶ್ನೆ ಹಳೆಯದು.

ಮೈಸೂರು ಮೆಡಿಕಲ್ ಕಾಲೇಜು 1924ರಲ್ಲಿ ಶುರುವಾಗಿದ್ದು ಬೆಂಗಳೂರಲ್ಲಿ. 1930ರಲ್ಲಿ ಮೈಸೂರಿಗೆ ಹೋಯಿತು. 1955ರಲ್ಲಿ ಬೆಂಗಳೂರಿಗೆ ಮತ್ತೊಂದು ಬಂತು. ಈಗ ವರ್ತೂರಿನ ಪಕ್ಕದ ವೈಟ್‌ಫೀಲ್ಡ್‌ನಲ್ಲೂ ಇದೆ. ಕಾಲೇಜು ಹೆಚ್ಚಿದರೂ ಬಹುಕಾಲ ಕೊನೆಯ ಪರೀಕ್ಷೆಯದ್ದೇ ಭಾರ. ಅಲ್ಲಿ ಒಬ್ಬನಿಗೆ ಸುಲಭದ ರೋಗಿ ಸಿಕ್ಕರೆ ಇನ್ನೊಬ್ಬನಿಗೆ ಕಷ್ಟದ್ದು. 1975ರಲ್ಲಿ ಸ್ಕಾಟ್ಲೆಂಡಿನ ರೊನಾಲ್ಡ್ ಹಾರ್ಡನ್ ಬೇರೆ ದಾರಿ ತೋರಿಸಿದರು: ಎಲ್ಲರಿಗೂ ಅದೇ ಕೆಲಸ, ಅಷ್ಟೇ ಸಮಯ, ಅದೇ ಅಂಕಪಟ್ಟಿ.

ನಮ್ಮ ದೇಶದಲ್ಲಿ 2019ರಲ್ಲಿ ಎಂಬಿಬಿಎಸ್ ಸೇರಿದವರಿಂದ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂತು. 'ಗೊತ್ತು' ಅಂದರೆ ಸಾಲದು, ಮಾಡಿ ತೋರಿಸಬೇಕು. ಮೊದಲು ಬೊಂಬೆಯ ಮೇಲೆ ಅಭ್ಯಾಸ. ಕೆಲವು ಕೆಲಸಗಳನ್ನು ಇಷ್ಟು ಸಲ ಅಂತ ಮಾಡಿ, ಲಾಗ್‌ಬುಕ್‌ಗೆ ಮೇಷ್ಟ್ರ ಸಹಿ ಹಾಕಿಸಬೇಕು. ರೋಗಿಯ ಜೊತೆ ಹೇಗೆ ಮಾತಾಡಬೇಕು ಅನ್ನೋದೂ ಪಾಠವೇ.

ಆ ಸಹಿ ಬರೀ ಕಾಗದದ್ದಾದರೆ ಚುಚ್ಚಿಸಿಕೊಳ್ಳೋದು ಮತ್ತೆ ನಮ್ಮ ಕೈಯೇ. ವಿದ್ಯಾರ್ಥಿಗಳು ಊರಿಗೆ ಬಂದರೆ ಬೈದು ಕಳಿಸಬೇಡಿ, ಕಲಿಯಲಿ. "ನಿಮ್ಮ ಮೇಷ್ಟ್ರು ಎಲ್ಲಿ?" ಅಂತ ಮಾತ್ರ ತಪ್ಪದೆ ಕೇಳಿ.