ಒಳಗಣ ಚುನಾವಣೆ, ಹೊರಗಣ ಅಭ್ಯರ್ಥಿ

ನಾಮಪತ್ರ ಸಲ್ಲಿಸಲು ಇನ್ನೆರಡು ದಿನಗಳು ಮಾತ್ರ ಉಳಿದಿರುವಾಗ ಚನ್ನಗಿರಿಯ ಅಡಕೆ ಮಂಡಿಯ ಮುಂದೆಯೋ ಹೊನ್ನಾಳಿಯ ಹೊಳೆದಂಡೆಯಲ್ಲಿಯೋ ನಿಂತು ಜನರ ಮಾತಿಗೆ ಕಿವಿಗೊಟ್ಟವರಿಗೆ ಮೊದಲು ಕೇಳಿಬರುವ ಪ್ರಶ್ನೆ, ಬಿ ಫಾರಂ ಯಾರ ಕೈಗೆ ಬಂದಿತೆಂಬುದೇ ಆಗಿರುತ್ತದೆ. ಸೋಲುಗೆಲುವಿನ ವಿಚಾರ ಅದರ ಬೆನ್ನಿಗೆ ಬರುವಂಥದು. ಪಕ್ಷವು ತನ್ನ ಅಭ್ಯರ್ಥಿಯನ್ನು ಆರಿಸಿಕೊಳ್ಳುವ ಕ್ರಮವೂ, ಆ ಆಯ್ಕೆಯಿಂದ ಹೊರಗುಳಿದವನ ನಡೆಯೂ ನಮ್ಮ ನಾಡಿನಲ್ಲಿ ಹೇಗೆ ಹೇಗೆ ಮಾರ್ಪಟ್ಟಿತೆಂಬುದನ್ನು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳನ್ನು ಕಣ್ಣ ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅಮೆರಿಕದ ವಿಸ್ಕಾನ್ಸಿನ್ ಪ್ರಾಂತವು 1903ರಷ್ಟು ಹಿಂದೆಯೇ ಶಾಸನವೊಂದನ್ನು ಮಾಡಿ, ಅಭ್ಯರ್ಥಿಯನ್ನು ನಿಶ್ಚಯಿಸುವ ಅಧಿಕಾರವನ್ನು ಪಕ್ಷದ ಮುಖಂಡರ ಕೈಯಿಂದ ತೆಗೆದು ಸಾಮಾನ್ಯ ಮತದಾರರಿಗೆ ಒಪ್ಪಿಸಿತು. ಅಲ್ಲಿ ಹೊರಗಿನವನು ಪಕ್ಷದ ಬಾಗಿಲಲ್ಲಿಯೇ ನಿಂತು, ಪಕ್ಷದ ಮತದಾರರಿಂದಲೇ ಅನುಮತಿ ಪಡೆದು ಒಳಗೆ ಬರಬಲ್ಲನು. ನಮ್ಮಲ್ಲಿ ಅಂಥ ಶಾಸನವಿಲ್ಲ. ಇಲ್ಲಿ ವೀಕ್ಷಕರು ಬರುತ್ತಾರೆ, ಅಭಿಪ್ರಾಯ ಸಂಗ್ರಹಿಸುತ್ತಾರೆ, ಪಟ್ಟಿ ದೆಹಲಿಗೆ ಹೋಗುತ್ತದೆ. ಹೋದ ಪಟ್ಟಿಗೂ ಬಂದ ಪಟ್ಟಿಗೂ ಇರುವ ಅಂತರವನ್ನು ಕಾರ್ಯಕರ್ತನು ದೂರದರ್ಶನದಲ್ಲಿ ನೋಡಿ ತಿಳಿಯುತ್ತಾನೆ.

ಸ್ವಾತಂತ್ರ್ಯದ ತರುವಾಯದ ಎರಡು ದಶಕಗಳಲ್ಲಿ ಈ ಅಂತರವು ಇಷ್ಟೊಂದು ಬಾಧಿಸದಿದ್ದುದಕ್ಕೆ ಕಾರಣವನ್ನು ವಿದ್ವಾಂಸರು ಬಹಳ ಹಿಂದೆಯೇ ಗುರುತಿಸಿದರು. ರಜನಿ ಕೊಠಾರಿಯವರು 1964ರಲ್ಲಿ, ವಿರೋಧ ಪಕ್ಷಗಳು ಮಾಡಬೇಕಾದ ಕೆಲಸವನ್ನು ಕಾಂಗ್ರೆಸ್ಸಿನ ಒಳಪಂಗಡಗಳೇ ಮಾಡುತ್ತಿವೆಯೆಂಬ ಸಿದ್ಧಾಂತವನ್ನು ಮುಂದಿಟ್ಟರು. ಮೈರನ್ ವೀನರ್ ಎಂಬ ಪಂಡಿತರು ನಮ್ಮ ಬೆಳಗಾವಿಯನ್ನೂ ಸೇರಿಸಿ ಐದು ಕಡೆಗಳಲ್ಲಿ ಕಾಂಗ್ರೆಸ್ ಸಂಘಟನೆಯನ್ನು ಹತ್ತಿರದಿಂದ ಕಂಡು ಬರೆದ ಗ್ರಂಥವು 1967ರಲ್ಲಿ ಹೊರಬಂದಿತು. ಮನಸ್ತಾಪಕ್ಕೆ ಮನೆಯೊಳಗೇ ಜಾಗವಿದ್ದಾಗ ಹೊಸ್ತಿಲು ದಾಟುವವರು ವಿರಳ. ಹಾಗಿದ್ದೂ ಆ ಕಾಲದಲ್ಲಿಯೇ ಪಕ್ಷದ ಹೊರಗಿನಿಂದ ಗೆದ್ದು ಬಂದವರುಂಟು: ಜಗಳೂರಿನ ಜೆ. ಮಹಮ್ಮದ್ ಇಮಾಮ್ ಅವರು 1957ರಲ್ಲಿ ಪ್ರಜಾ ಸಮಾಜವಾದಿಯಾಗಿ, 1967ರಲ್ಲಿ ಸ್ವತಂತ್ರ ಪಕ್ಷದವರಾಗಿ ಚಿತ್ರದುರ್ಗದಿಂದ ಲೋಕಸಭೆಗೆ ಹೋದರು. ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ. ಎಚ್. ಪಟೇಲರು 1967ರಲ್ಲಿ ಸಮಾಜವಾದಿಯಾಗಿ ಶಿವಮೊಗ್ಗದಿಂದ ಗೆದ್ದು, ಆ ಸಭೆಯಲ್ಲಿ ಕನ್ನಡದಲ್ಲಿಯೇ ಮಾತನಾಡಿದರು.

ಕ್ಷೇತ್ರಕ್ಕೆ ಹೊರಗಿನವರೆಂಬ ಆಕ್ಷೇಪವು ಅಂದು ಎಷ್ಟು ಹಗುರವಾಗಿದ್ದಿತೆಂಬುದಕ್ಕೆ ಎಸ್. ನಿಜಲಿಂಗಪ್ಪನವರೇ ಸಾಕ್ಷಿ. 1962ರಲ್ಲಿ ಹೊಸದುರ್ಗದಲ್ಲಿ ಸೋತ ಅವರನ್ನು ದೂರದ ಬಾಗಲಕೋಟೆ ಆರಿಸಿ ಕಳುಹಿಸಿತು. ಅದೇ ನಿಜಲಿಂಗಪ್ಪನವರು ಕಾಂಗ್ರೆಸ್ ಅಧ್ಯಕ್ಷರಾಗಿದ್ದ 1969ರಲ್ಲಿ ಪಕ್ಷದ ಐಕ್ಯಕ್ಕೆ ಒದಗಿದ ಪರೀಕ್ಷೆಯು ಈ ವಿಷಯದ ಇತಿಹಾಸದಲ್ಲಿಯೇ ಅತಿ ದೊಡ್ಡದು. ರಾಷ್ಟ್ರಪತಿ ಪದವಿಗೆ ಪಕ್ಷವು ಸಂಜೀವರೆಡ್ಡಿಯವರನ್ನು ನಿಲ್ಲಿಸಿತು, ವಿ. ವಿ. ಗಿರಿಯವರು ಪಕ್ಷೇತರರಾಗಿ ನಿಂತರು. ಪ್ರಧಾನಿ ಇಂದಿರಾ ಗಾಂಧಿಯವರು ತಮ್ಮ ಪಕ್ಷದ ಅಭ್ಯರ್ಥಿಯ ಪರವಾಗಿ ಆಜ್ಞೆ ಹೊರಡಿಸಲೊಪ್ಪದೆ ಆತ್ಮಸಾಕ್ಷಿಯಂತೆ ಮತ ನೀಡಬೇಕೆಂದರು. ಗಿರಿಯವರು ಗೆದ್ದರು; ನವೆಂಬರ್ 12ರಂದು ಇಂದಿರಾ ಅವರ ಉಚ್ಚಾಟನೆಯಾಯಿತು; ಪಕ್ಷ ಒಡೆಯಿತು. ಅಧಿಕೃತ ಅಭ್ಯರ್ಥಿಯನ್ನು ಸೋಲಿಸಿಯೂ ಪಕ್ಷದ ನಿಜವಾದ ವಾರಸುದಾರರಾಗಿ ಉಳಿಯಬಹುದೆಂಬ ಪಾಠವನ್ನು ಈ ದೇಶದ ಬಂಡಾಯಗಾರರು ಕಲಿತದ್ದು ಆಗಲೇ ಇರಬೇಕೆಂದು ನನಗೆ ಅನೇಕ ಸಲ ಅನ್ನಿಸಿದೆ.

1985ರಲ್ಲಿ ಸಂವಿಧಾನದ ಹತ್ತನೆಯ ಅನುಸೂಚಿ ಬಂದಿತು. ಗೆದ್ದವನು ಪಕ್ಷಾಂತರ ಮಾಡದಂತೆ ಅದು ಕಟ್ಟಿಹಾಕಿತು. ಪಕ್ಷೇತರನಾಗಿ ಗೆದ್ದವನು ಆಮೇಲೆ ಯಾವುದಾದರೂ ಪಕ್ಷವನ್ನು ಸೇರಿದರೆ ಸದಸ್ಯತ್ವ ಕಳೆದುಕೊಳ್ಳುವನೆಂದೂ ವಿಧಿಸಿತು. ಆದರೆ ಟಿಕೆಟ್ ಹಂಚಿಕೆಯ ನ್ಯಾಯಾನ್ಯಾಯಗಳ ಬಗ್ಗೆ ಅದು ಒಂದಕ್ಷರವನ್ನೂ ಹೇಳಲಿಲ್ಲ. ಕೊಟ್ಟಿಗೆಯ ಹಿಂಬಾಗಿಲಿಗೆ ಬೀಗ ಬಿದ್ದಿತೇ ಹೊರತು ಮುಂಬಾಗಿಲಿಗೆ ಕಾವಲು ಬರಲಿಲ್ಲ.

ಇದರ ಫಲವು 1999ರಲ್ಲಿ ನೆರೆಹೊರೆಯ ಎರಡು ಕ್ಷೇತ್ರಗಳಲ್ಲಿ ಒಟ್ಟಿಗೇ ಕಾಣಿಸಿತು. ಆ ವರ್ಷ ಜನತಾದಳ ಇಬ್ಭಾಗವಾಗಿ, ಪಟೇಲರ ಬಣವು ಭಾರತೀಯ ಜನತಾ ಪಕ್ಷದೊಡನೆ ಕೈಜೋಡಿಸಿತು. ನಾಯಕರು ಕೂಡಿದಷ್ಟು ಬೇಗ ಕಾರ್ಯಕರ್ತರು ಕೂಡಲಿಲ್ಲ. ಚನ್ನಗಿರಿಯಲ್ಲಿ ಪಕ್ಷೇತರ ವಡ್ನಾಳ್ ರಾಜಣ್ಣನವರೆದುರು, ಹಾಲಿ ಮುಖ್ಯಮಂತ್ರಿಯಾಗಿದ್ದ, ಎರಡು ವರ್ಷಗಳ ಹಿಂದೆಯಷ್ಟೆ ದಾವಣಗೆರೆಯನ್ನು ಜಿಲ್ಲೆಯನ್ನಾಗಿ ಮಾಡಿ ಚನ್ನಗಿರಿ ಹೊನ್ನಾಳಿಗಳನ್ನು ಶಿವಮೊಗ್ಗದಿಂದ ಅದಕ್ಕೆ ತಂದು ಸೇರಿಸಿದ ಪಟೇಲರು ಸೋತರು. ಹೊನ್ನಾಳಿಯಲ್ಲಿಯೂ ಡಿ. ಜಿ. ಶಾಂತನಗೌಡರು ಪಕ್ಷೇತರರಾಗಿಯೇ ಗೆದ್ದರು. ಇಬ್ಬರೂ ಮುಂದೆ ಕಾಂಗ್ರೆಸ್ಸಿನ ಶಾಸಕರಾದುದನ್ನು ನೆನೆದರೆ, ಪಕ್ಷೇತರನೆಂಬವನು ಈ ಸೀಮೆಯಲ್ಲಿ ಪಕ್ಷಕ್ಕೆ ಅನ್ಯನಲ್ಲವೆಂಬುದು ತಿಳಿಯುತ್ತದೆ. ನ್ಯಾಮತಿ ಇಂದು ಬೇರೆ ತಾಲ್ಲೂಕಾಗಿದ್ದರೂ ಮತ ಹಾಕುವುದು ಹೊನ್ನಾಳಿ ಕ್ಷೇತ್ರಕ್ಕೇ; 2004ರಿಂದ ಆ ಕ್ಷೇತ್ರವು ಎಂ. ಪಿ. ರೇಣುಕಾಚಾರ್ಯರಿಗೂ ಶಾಂತನಗೌಡರಿಗೂ ನಡುವಣ ಹಗ್ಗಜಗ್ಗಾಟವಾಗಿದೆ. ರೇಣುಕಾಚಾರ್ಯರು 2009ರಲ್ಲಿ ತಮ್ಮದೇ ಬಿಜೆಪಿ ಸರ್ಕಾರದ ವಿರುದ್ಧ ಭಿನ್ನಮತೀಯರ ಮುಂದಾಳಾಗಿದ್ದವರು, ಬಳಿಕ ಅದೇ ಸರ್ಕಾರದಲ್ಲಿ ಮಂತ್ರಿಗಳಾದವರು. ಯಡಿಯೂರಪ್ಪನವರು ಬೇರೆ ಪಕ್ಷ ಕಟ್ಟಿದಾಗ ಅವರ ಹಿಂದೆ ಹೋಗಿ 2013ರಲ್ಲಿ ಸೋತವರು.

ಜಗಳೂರಿನ ಕಥೆ ಬೇರೆ. 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಆ ಕ್ಷೇತ್ರದಲ್ಲಿ ಕಾಂಗ್ರೆಸ್ಸಿನಿಂದ ಗೆದ್ದ ಎಸ್. ವಿ. ರಾಮಚಂದ್ರ ಅವರು ಸ್ಥಾನಕ್ಕೆ ರಾಜೀನಾಮೆಯಿತ್ತು, 2011ರ ಉಪಚುನಾವಣೆಯಲ್ಲಿ ಬಿಜೆಪಿಯಿಂದ ಗೆದ್ದು ಬಂದರು. ಜನರು ‘ಆಪರೇಷನ್ ಕಮಲ’ವೆಂದು ಕರೆದ ಈ ಉಪಾಯವು ಹತ್ತನೆಯ ಅನುಸೂಚಿಯ ಬೀಗಕ್ಕೆ ಸಿಕ್ಕಿದ ಕಳ್ಳಗೀಲಿಕೈ. ಇಂಥಲ್ಲಿ ನಿನ್ನೆಯ ಎದುರಾಳಿಯೇ ಇಂದಿನ ಅಧಿಕೃತ ಅಭ್ಯರ್ಥಿ. ಅವನ ವಿರುದ್ಧ ಭಿತ್ತಿಪತ್ರ ಅಂಟಿಸಿದ ಮೂಲ ಕಾರ್ಯಕರ್ತನೇ ಅವನಿಗಾಗಿ ಮನೆಮನೆ ಸುತ್ತಬೇಕು.

ಅಮೆರಿಕದ ಮಾದರಿಯನ್ನು ನಮ್ಮಲ್ಲಿ ಪ್ರಯೋಗಿಸಿ ನೋಡಿದವರಿಲ್ಲವೆಂದಲ್ಲ. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ಸು ದೇಶದ ಕೆಲವು ಕ್ಷೇತ್ರಗಳಲ್ಲಿ ಆಂತರಿಕ ಚುನಾವಣೆ ನಡೆಸಿದಾಗ ಕರ್ನಾಟಕದಿಂದ ಬೆಂಗಳೂರು ಉತ್ತರ, ದಕ್ಷಿಣ ಕನ್ನಡಗಳು ಆಯ್ಕೆಯಾದವು; ಅಲ್ಲಿ ಒಳಗೆ ಗೆದ್ದ ಸಿ. ನಾರಾಯಣಸ್ವಾಮಿ, ಜನಾರ್ದನ ಪೂಜಾರಿಯವರಿಬ್ಬರೂ ಹೊರಗೆ ಸೋತರು. ಮತ ಹಾಕಿದವರು ಪಕ್ಷದ ಪ್ರತಿನಿಧಿಗಳೇ ಹೊರತು ಬೀದಿಯ ಮತದಾರರಲ್ಲ. 2023ರ ಮಾರ್ಚ್ ಕಡೆಯಲ್ಲಿ ಬಿಜೆಪಿಯೂ ಪದಾಧಿಕಾರಿಗಳಿಂದ ಗುಪ್ತಮತ ಪಡೆಯಿತು. ಕಾಂಗ್ರೆಸ್ಸಾದರೋ ಆಕಾಂಕ್ಷಿಗಳಿಂದ ಅರ್ಜಿಯೊಡನೆ ಎರಡು ಲಕ್ಷ ರೂಪಾಯಿಗಳನ್ನೂ, ಪರಿಶಿಷ್ಟರಿಂದ ಒಂದು ಲಕ್ಷವನ್ನೂ ಪಡೆಯಿತು. ಹಣ ಕಟ್ಟಿ ಕಾದವನ ಮುನಿಸು ಕಟ್ಟದವನ ಮುನಿಸಿಗಿಂತ ಹೆಚ್ಚಲ್ಲವೆ?

ಆ ವರ್ಷದ ಮೇ ತಿಂಗಳಲ್ಲಿ ಈ ಸೀಮೆಯ ಮತದಾರರು ಪಕ್ಷಗಳ ಒಳಮನೆಯ ವ್ಯಾಜ್ಯವನ್ನು ತಾವೇ ವಿಚಾರಿಸಬೇಕಾಯಿತು. ಚನ್ನಗಿರಿಯಲ್ಲಿ ಶಾಸಕ ಮಾಡಾಳ್ ವಿರೂಪಾಕ್ಷಪ್ಪನವರು ಲೋಕಾಯುಕ್ತ ಪ್ರಕರಣದಲ್ಲಿ ಆರೋಪ ಹೊತ್ತ ಮೇಲೆ ಬಿಜೆಪಿಯ ಟಿಕೆಟ್ಟು ಎಚ್. ಎಸ್. ಶಿವಕುಮಾರ್ ಅವರಿಗೆ ಹೋಯಿತು. ಮಗ ಮಲ್ಲಿಕಾರ್ಜುನ ಪಕ್ಷೇತರರಾಗಿ ನಿಂತು ಎರಡನೆಯವರಾದರು, ಅಧಿಕೃತ ಅಭ್ಯರ್ಥಿ ಮೂರನೆಯವರು, ಗೆದ್ದವರು ಕಾಂಗ್ರೆಸ್ಸಿನ ಬಸವರಾಜು ಶಿವಗಂಗಾ. ಜಗಳೂರಿನಲ್ಲಿ ಕಾಂಗ್ರೆಸ್ಸು ಮಾಜಿ ಶಾಸಕ ಎಚ್. ಪಿ. ರಾಜೇಶ್ ಅವರನ್ನು ಬಿಟ್ಟು, ಹಿಂದೊಮ್ಮೆ ಶಾಲೆಯೊಂದರಲ್ಲಿ ಜವಾನರಾಗಿದ್ದ ಬಿ. ದೇವೇಂದ್ರಪ್ಪನವರಿಗೆ ಟಿಕೆಟ್ ಕೊಟ್ಟಿತು. ರಾಜೇಶ್ ಪಕ್ಷೇತರರಾದರು. ದೇವೇಂದ್ರಪ್ಪ, ಬಿಜೆಪಿಯ ರಾಮಚಂದ್ರ, ರಾಜೇಶ್ ಈ ಮೂವರಿಗೂ ಹೆಚ್ಚುಕಡಮೆ ಅರ್ಧಲಕ್ಷದಷ್ಟು ಮತಗಳು ಬಿದ್ದವು. ದೇವೇಂದ್ರಪ್ಪನವರು ಗೆದ್ದ ಅಂತರ 874. ಒಂದೇ ಪೆಟ್ಟಿಗೆಯಲ್ಲಿ ಎರಡು ಚುನಾವಣೆಗಳು ನಡೆದುಹೋದವೆಂದೇ ಇದನ್ನು ಓದಬೇಕು.

ಮರುವರ್ಷ ದಾವಣಗೆರೆಯಿಂದ ಲೋಕಸಭೆಗೆ, ನಾಲ್ಕು ಸಲ ಗೆದ್ದ ಜಿ. ಎಂ. ಸಿದ್ದೇಶ್ವರರಿಗಾಗಲಿ ಅವರ ಮನೆಯವರಿಗಾಗಲಿ ಟಿಕೆಟ್ ಬೇಡವೆಂದು ಬಿಜೆಪಿಯ ಸ್ಥಳೀಯ ಮುಖಂಡರು ಪಟ್ಟು ಹಿಡಿದರು. ಟಿಕೆಟ್ಟು ಸಿದ್ದೇಶ್ವರರ ಪತ್ನಿ ಗಾಯತ್ರಿಯವರಿಗೆ ದೊರೆಯಿತು, ಯಡಿಯೂರಪ್ಪನವರು ಬಂದು ಮನವೊಲಿಸಿದರು. ಕಾಂಗ್ರೆಸ್ಸಿನಲ್ಲಿ ಟಿಕೆಟ್ ಬಯಸಿ ಸಿಗದ ಜಿ. ಬಿ. ವಿನಯಕುಮಾರ್ ಪಕ್ಷೇತರರಾಗಿ ನಲವತ್ತು ಸಾವಿರಕ್ಕೆ ಮಿಕ್ಕಿ ಮತ ಪಡೆದರೂ ಅದೇ ಪಕ್ಷದ ಪ್ರಭಾ ಮಲ್ಲಿಕಾರ್ಜುನ್ ಸುಮಾರು ಇಪ್ಪತ್ತಾರು ಸಾವಿರದ ಅಂತರದಿಂದ ಗೆದ್ದರು. ಇತ್ತ ಸಿದ್ದೇಶ್ವರರ ಮನೆಗೆ ಟಿಕೆಟ್ ಕೂಡದೆಂದು ಸಭೆ ಸೇರಿದ್ದ ಬಿಜೆಪಿ ಮುಖಂಡರ ಸಾಲಿನಲ್ಲಿ, ಹತ್ತು ತಿಂಗಳ ಹಿಂದೆ ಅದೇ ಪಕ್ಷದ ಅಧಿಕೃತ ಅಭ್ಯರ್ಥಿಯನ್ನು ಮೂರನೆಯ ಸ್ಥಾನಕ್ಕೆ ತಳ್ಳಿದ್ದ ಮಾಡಾಳ್ ಮಲ್ಲಿಕಾರ್ಜುನರೂ ಕುಳಿತಿದ್ದರು.