ಮೋನಿಕಾ, ಸಂತ

ಸು. 331–387. ರೋಮನ್ ಆಡಳಿತದ ಉತ್ತರ ಆಫ್ರಿಕದಲ್ಲಿದ್ದ ತಗಾಸ್ತೆ ಪಟ್ಟಣದ (ಇಂದಿನ ಅಲ್ಜೀರಿಯದ ಸೂಕ್ ಅಹ್ರಾಸ್) ಕ್ರೈಸ್ತ ಗೃಹಿಣಿ. ಸಂತ ಅಗಸ್ಟೀನನ ತಾಯಿ. ಕ್ರೈಸ್ತ ಮನೆತನದಲ್ಲಿ ಬೆಳೆದ ಈಕೆಯನ್ನು ಕ್ರೈಸ್ತನಲ್ಲದ ಪ್ಯಾಟ್ರಿಷಿಯಸ್‌ಗೆ ಕೊಟ್ಟು ಮದುವೆ ಮಾಡಲಾಯಿತು.

ಈ ದಾಂಪತ್ಯದ ಚಿತ್ರ ದೊರೆಯುವುದು ಮಗನ ಆತ್ಮಕಥನ ‘ಕನ್ಫೆಷನ್ಸ್’ನ 9ನೆಯ ಭಾಗದಲ್ಲಿ. ಗಂಡ ಪ್ರೀತಿವಂತ, ಆದರೆ ಮುಂಗೋಪಿ. ಪರಸ್ತ್ರೀ ಸಂಗವೂ ಇತ್ತು. ಅವನು ಸಿಟ್ಟಿನಲ್ಲಿದ್ದಾಗ ಮೋನಿಕಾ ಎದುರಾಡುತ್ತಿರಲಿಲ್ಲ. ಸಿಟ್ಟು ಇಳಿದ ಮೇಲೆ ತನ್ನ ನಡೆಗೆ ಕಾರಣ ತಿಳಿಸುತ್ತಿದ್ದಳು. ದಾಸಿಯರ ಚಾಡಿಮಾತು ಕೇಳಿ ಮುನಿದಿದ್ದ ಅತ್ತೆಯೂ ಕ್ರಮೇಣ ಒಲಿದಳು. ಮಾತಿಗಿಂತ ನಡತೆಯಿಂದ ಗಂಡನನ್ನು ಗೆಲ್ಲುವ ಈ ದಾರಿ ಬೈಬಲಿನ ಪೇತ್ರನ ಮೊದಲನೆಯ ಪತ್ರದ 3ನೆಯ ಅಧ್ಯಾಯದಲ್ಲೂ ಇದೆ. ಆದರೆ ಈಕೆಯದು ಬರಿಯ ಮೌನವಾಗಿರಲಿಲ್ಲ. ತಂದೆ ನಂಬದಿದ್ದರೂ ಮಗನಿಗೆ ಎಳವೆಯಲ್ಲೇ ಕ್ರಿಸ್ತನ ಹೆಸರನ್ನು ಕಲಿಸಿದಳು. ಆ ವಿಷಯದಲ್ಲಿ ಮಣಿಯಲಿಲ್ಲ. ಅವಳ ನಂಬಿಕೆಯ ನಿಜವಾದ ಗಟ್ಟಿತನ ಕಾಣುವುದು ಇಲ್ಲಿಯೇ.

ಗಂಡಂದಿರ ಹೊಡೆತದ ಗುರುತು ಹೊತ್ತು ಬಂದ ಗೆಳತಿಯರಿಗೂ ಈಕೆ ಸಹನೆಯನ್ನೇ ಹೇಳಿದಳು. ಗಂಡನೇ ಯಜಮಾನನಾಗಿದ್ದ ಆ ಕಾಲದ ಸಲಹೆ ಅದು. ಅದನ್ನು ಮುಂದಿಟ್ಟು ಇಂದಿನ ಹೆಣ್ಣುಮಕ್ಕಳಿಗೆ ಹಿಂಸೆಯನ್ನು ಸಹಿಸಿಕೊಳ್ಳಿ ಎನ್ನುವುದು ಅನ್ಯಾಯ.

ಪ್ಯಾಟ್ರಿಷಿಯಸ್ ಬಾಳಿನ ಕೊನೆಗಾಲದಲ್ಲಿ ಕ್ರೈಸ್ತನಾಗಿ, ಸು. 371ರಲ್ಲಿ ತೀರಿಕೊಂಡ. ಅಗಸ್ಟೀನ್ 387ರಲ್ಲಿ ಮಿಲಾನಿನಲ್ಲಿ ದೀಕ್ಷಾಸ್ನಾನ ಪಡೆದ. ಅದೇ ವರ್ಷ ರೋಮ್ ಬಳಿಯ ಓಸ್ಟಿಯ ಬಂದರಿನಲ್ಲಿ ಮೋನಿಕಾ ನಿಧನಳಾದಳು. ಕ್ಯಾಥೊಲಿಕ್ ಸಭೆ ಈಕೆಯ ಹಬ್ಬವನ್ನು ಆಗಸ್ಟ್ 27ರಂದು ಆಚರಿಸುತ್ತದೆ.