ಋತುಬಂಧ ಮತ್ತು ಕೂದಲುದುರುವಿಕೆ

ಋತುಬಂಧದ ಕಾಲದ ಕೂದಲುದುರುವಿಕೆ ಎಂದರೆ ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನಲ್ಲಿ ಮಹಿಳೆಯರ ತಲೆಗೂದಲು ತೆಳುವಾಗುವ ಅಥವಾ ಸಾಮಾನ್ಯಕ್ಕಿಂತ ಹೆಚ್ಚಾಗಿ ಉದುರುವ ಸ್ಥಿತಿ. ಇದು ಒಂದೇ ಕಾಯಿಲೆಯ ಹೆಸರಲ್ಲ. ಅನುವಂಶೀಯತೆ, ಹಾರ್ಮೋನುಗಳ ಏರಿಳಿತ, ವಯಸ್ಸು, ರಕ್ತಹೀನತೆ, ಥೈರಾಯ್ಡ್ ತೊಂದರೆ, ಔಷಧಿಗಳು ಮುಂತಾದ ಹಲವು ಕಾರಣಗಳು ಈ ವಯಸ್ಸಿನಲ್ಲಿ ಒಟ್ಟಿಗೆ ಸೇರುವುದುಂಟು. ಇವುಗಳಲ್ಲಿ ಕೆಲವು ತಾವಾಗಿಯೇ ಸರಿಹೋಗುತ್ತವೆ, ಕೆಲವನ್ನು ಚಿಕಿತ್ಸೆಯಿಂದ ತಡೆಹಿಡಿಯಬಹುದು, ಇನ್ನು ಕೆಲವು ಕೂದಲಿನ ಬೇರನ್ನು ಶಾಶ್ವತವಾಗಿ ನಾಶಮಾಡುತ್ತವೆ. ಆದ್ದರಿಂದ ಕಾರಣವನ್ನು ಬೇಗ ಗುರುತಿಸುವುದು ಚಿಕಿತ್ಸೆಯ ಮೊದಲ ಹೆಜ್ಜೆಯಾಗಿದೆ.

ಸತತವಾಗಿ 12 ತಿಂಗಳು ಮುಟ್ಟು ಕಾಣಿಸಿಕೊಳ್ಳದಿದ್ದರೆ ಅದನ್ನು ಋತುಬಂಧ ಎನ್ನಲಾಗುತ್ತದೆ. ಭಾರತೀಯ ಮಹಿಳೆಯರಲ್ಲಿ ಇದರ ಸರಾಸರಿ ವಯಸ್ಸು ಸುಮಾರು 46–47 ವರ್ಷ. ಪಾಶ್ಚಾತ್ಯ ದೇಶಗಳಲ್ಲಿ ಸುಮಾರು 51 ವರ್ಷ. ಮುಟ್ಟು ಪೂರ್ಣವಾಗಿ ನಿಲ್ಲುವುದಕ್ಕೆ ಕೆಲವು ವರ್ಷಗಳ ಮೊದಲೇ ಹಾರ್ಮೋನುಗಳ ಏರುಪೇರು ಆರಂಭವಾಗುವುದರಿಂದ ಕೂದಲಿನ ಬದಲಾವಣೆಯೂ ಅನೇಕರಲ್ಲಿ ಆ ಅವಧಿಯಲ್ಲೇ ಕಾಣಿಸಿಕೊಳ್ಳುತ್ತದೆ. ಥಾಯ್ಲೆಂಡ್‌ನಲ್ಲಿ ಋತುಬಂಧವಾದ 200 ಮಹಿಳೆಯರನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಲಾದ ಅಧ್ಯಯನವೊಂದರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಸ್ತ್ರೀ ಮಾದರಿಯ ಕೂದಲು ನಷ್ಟವಿರುವುದು ಕಂಡುಬಂದಿತು.

ಕೂದಲಿನ ಬೆಳವಣಿಗೆಯ ಚಕ್ರ

ಮನುಷ್ಯನ ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಪ್ರತಿಯೊಂದು ಕೂದಲೂ ಚರ್ಮದೊಳಗಿನ ಕೇಶಕೂಪದಿಂದ ಹುಟ್ಟಿ ಮೂರು ಹಂತಗಳನ್ನು ದಾಟುತ್ತದೆ. ಅನಾಜೆನ್ ಎಂಬ ಬೆಳವಣಿಗೆಯ ಹಂತ 2ರಿಂದ 6 ವರ್ಷ ನಡೆಯುತ್ತದೆ. ಈ ಹಂತದಲ್ಲಿ ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಉದ್ದವಾಗುತ್ತದೆ. ಬಳಿಕ ಎರಡು ಮೂರು ವಾರಗಳ ಕೆಟಾಜೆನ್ ಎಂಬ ಪರಿವರ್ತನೆಯ ಹಂತವೂ, ಸುಮಾರು ಮೂರು ತಿಂಗಳ ಟೆಲೊಜೆನ್ ಎಂಬ ವಿಶ್ರಾಂತಿಯ ಹಂತವೂ ಬರುತ್ತವೆ. ವಿಶ್ರಾಂತಿಯ ಕೊನೆಯಲ್ಲಿ ಹಳೆಯ ಕೂದಲು ಉದುರಿ ಅದೇ ಕೇಶಕೂಪದಿಂದ ಹೊಸದು ಹುಟ್ಟುತ್ತದೆ. ಆರೋಗ್ಯವಂತರಲ್ಲಿಯೂ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಎರಡು ಮೂರು ದಿನಕ್ಕೊಮ್ಮೆ ತಲೆಸ್ನಾನ ಮಾಡುವವರಿಗೆ ಆ ದಿನ ಹೆಚ್ಚು ಕೂದಲು ಉದುರಿದಂತೆ ಕಾಣುವುದಕ್ಕೆ ಹಿಂದಿನ ದಿನಗಳಲ್ಲಿ ಸಡಿಲಗೊಂಡ ಕೂದಲು ಒಟ್ಟಿಗೆ ಬರುವುದೇ ಕಾರಣ.

ಕಾರಣಗಳು

ಋತುಬಂಧದ ಕಾಲದಲ್ಲಿ ಅಂಡಾಶಯಗಳು ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳನ್ನು ಉತ್ಪಾದಿಸುವುದು ಬಹಳ ಕಡಿಮೆಯಾಗುತ್ತದೆ. ಆಂಡ್ರೊಜೆನ್ ವರ್ಗದ ಹಾರ್ಮೋನುಗಳ ಪ್ರಮಾಣ ಅಷ್ಟು ಬೇಗ ಕುಗ್ಗದ ಕಾರಣ ಇವೆರಡರ ನಡುವಿನ ಅನುಪಾತ ಬದಲಾಗುತ್ತದೆ. ಟೆಸ್ಟೊಸ್ಟೆರಾನ್ ಹಾರ್ಮೋನು 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವದಿಂದ ಡೈಹೈಡ್ರೊಟೆಸ್ಟೊಸ್ಟೆರಾನ್ ಆಗಿ ಮಾರ್ಪಡುತ್ತದೆ. ಅನುವಂಶೀಯ ಒಲವುಳ್ಳವರಲ್ಲಿ ಇದು ನೆತ್ತಿಯ ಕೇಶಕೂಪಗಳನ್ನು ಕಿರಿದಾಗಿಸಿ ಬೆಳವಣಿಗೆಯ ಹಂತವನ್ನು ಮೊಟಕುಗೊಳಿಸುತ್ತದೆ. ದಪ್ಪ ಎಳೆಗಳ ಜಾಗದಲ್ಲಿ ತೆಳುವಾದ, ಗಿಡ್ಡ ಎಳೆಗಳು ಹುಟ್ಟುತ್ತವೆ. ಆದರೆ ಕೂದಲು ತೆಳುವಾದ ಬಹುಪಾಲು ಮಹಿಳೆಯರ ರಕ್ತದಲ್ಲಿ ಆಂಡ್ರೊಜೆನ್ ಪ್ರಮಾಣ ಸಾಮಾನ್ಯವಾಗಿಯೇ ಇರುತ್ತದೆ. ಹಾಗಾಗಿ ಈಸ್ಟ್ರೊಜೆನ್ ಕೊರತೆ ಅಥವಾ ಆಂಡ್ರೊಜೆನ್ ಒಂದನ್ನೇ ಪೂರ್ಣ ಕಾರಣವೆಂದು ಹೇಳಲಾಗುವುದಿಲ್ಲ.

ಹಾರ್ಮೋನುಗಳ ಜೊತೆಗೆ ಈ ವಯಸ್ಸಿನಲ್ಲಿ ಗಮನಿಸಬೇಕಾದ ಇತರ ಕಾರಣಗಳು ಹೀಗಿವೆ:

• ಕಬ್ಬಿಣಾಂಶದ ಕೊರತೆ: ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಅನೇಕರಿಗೆ ಅತಿಯಾದ ಅಥವಾ ಅಕಾಲಿಕ ರಕ್ತಸ್ರಾವವಾಗುತ್ತದೆ. ಇದರಿಂದ ದೇಹದ ಕಬ್ಬಿಣದ ದಾಸ್ತಾನು ಬರಿದಾಗಿ ಕೂದಲು ಉದುರಬಹುದು.
• ಥೈರಾಯ್ಡ್ ಗ್ರಂಥಿಯ ತೊಂದರೆ: ಆಯಾಸ, ತೂಕದ ಏರುಪೇರು, ನಿದ್ರೆಯ ವ್ಯತ್ಯಾಸ, ಮುಟ್ಟಿನ ಬದಲಾವಣೆ ಮುಂತಾದ ಲಕ್ಷಣಗಳು ಋತುಬಂಧದ ಲಕ್ಷಣಗಳನ್ನೇ ಹೋಲುವುದರಿಂದ ಇದು ಗಮನಕ್ಕೆ ಬಾರದೆ ಉಳಿಯುವ ಸಂಭವವಿದೆ.
• ಔಷಧಿಗಳು: ಸ್ತನ ಕ್ಯಾನ್ಸರ್ ಮರುಕಳಿಸದಂತೆ ನೀಡುವ ಟ್ಯಾಮೋಕ್ಸಿಫೆನ್ ಮತ್ತು ಅರೊಮಟೇಸ್ ತಡೆಗಳು ಕೂದಲನ್ನು ತೆಳುವಾಗಿಸಬಹುದು. ವೈದ್ಯರನ್ನು ಕೇಳದೆ ಇವುಗಳನ್ನು ನಿಲ್ಲಿಸುವುದು ಪ್ರಾಣಾಪಾಯಕ್ಕೆ ಎಡೆಮಾಡಬಹುದು.
• ಜ್ವರ, ಶಸ್ತ್ರಚಿಕಿತ್ಸೆ, ಹಠಾತ್ ತೂಕ ಇಳಿಕೆ, ತೀವ್ರ ಮಾನಸಿಕ ಆಘಾತ.
• ಬಿಗಿಯಾದ ಜಡೆ ಅಥವಾ ತುರುಬು: ವರ್ಷಗಟ್ಟಲೆ ಎಳೆದು ಕಟ್ಟಿದರೆ ಹಣೆಯಂಚಿನ ಮತ್ತು ಕಿವಿಯ ಮುಂಭಾಗದ ಕೂದಲು ಬೇರುಸಹಿತ ನಷ್ಟವಾಗುತ್ತದೆ.

ಮುಖ್ಯ ವಿಧಗಳು

ಸ್ತ್ರೀ ಮಾದರಿಯ ಕೂದಲು ನಷ್ಟ

ಇದು ಅತ್ಯಂತ ಸಾಮಾನ್ಯವಾದ ವಿಧ. ಇದರಲ್ಲಿ ಬೈತಲೆ ಕ್ರಮೇಣ ಅಗಲವಾಗುತ್ತದೆ. ನೆತ್ತಿಯ ಮೇಲೆ ಕೂದಲು ವಿರಳವಾಗಿ ಚರ್ಮ ಕಾಣತೊಡಗುತ್ತದೆ. ಪುರುಷರಲ್ಲಿ ಆಗುವಂತೆ ಹಣೆಯಂಚು ಹಿಂದೆ ಸರಿಯುವುದು ಅಪರೂಪ. ಪೂರ್ಣ ಬೋಳಾಗುವುದೂ ಅಪರೂಪ. ಜರ್ಮನಿಯ ಚರ್ಮರೋಗತಜ್ಞ ಎರಿಚ್ ಲುಡ್ವಿಗ್ 1977ರಲ್ಲಿ ಇದನ್ನು ಮೂರು ದರ್ಜೆಗಳಾಗಿ ವಿಂಗಡಿಸಿದರು. ಈ ವರ್ಗೀಕರಣ ಇಂದಿಗೂ ಬಳಕೆಯಲ್ಲಿದೆ.

ಟೆಲೊಜೆನ್ ಎಫ್ಲುವಿಯಮ್

ದೇಹಕ್ಕೆ ದೊಡ್ಡ ಆಘಾತವಾದಾಗ ಅನೇಕ ಕೂದಲುಗಳು ಏಕಕಾಲಕ್ಕೆ ವಿಶ್ರಾಂತಿಯ ಹಂತಕ್ಕೆ ಜಾರುತ್ತವೆ. ಎರಡು ಮೂರು ತಿಂಗಳ ನಂತರ ಅವು ತಲೆಯ ಎಲ್ಲ ಭಾಗಗಳಿಂದ ಹಿಡಿಹಿಡಿಯಾಗಿ ಉದುರುತ್ತವೆ. ಡೆಂಗಿ, ಕೋವಿಡ್-19ರಂಥ ಜ್ವರಗಳ ಬಳಿಕ ಇದು ಸಾಮಾನ್ಯವಾಗಿ ಕಂಡುಬರುತ್ತದೆ. ಕಾರಣಕ್ಕೂ ಪರಿಣಾಮಕ್ಕೂ ನಡುವೆ ತಿಂಗಳುಗಳ ಅಂತರವಿರುವುದರಿಂದ ಜ್ವರವನ್ನು ಮರೆತು ನೀರು, ಶಾಂಪೂ ಅಥವಾ ಎಣ್ಣೆಯನ್ನು ದೂಷಿಸುವುದು ವಾಡಿಕೆ. ಮೂಲ ಕಾರಣ ನಿವಾರಣೆಯಾದರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಉದುರುವಿಕೆ ಹತೋಟಿಗೆ ಬಂದು ಕೂದಲು ಮತ್ತೆ ಬೆಳೆಯುತ್ತದೆ.

ಫ್ರಂಟಲ್ ಫೈಬ್ರೋಸಿಂಗ್ ಅಲೋಪೇಸಿಯಾ

ಇದನ್ನು ಆಸ್ಟ್ರೇಲಿಯಾದ ಚರ್ಮರೋಗತಜ್ಞ ಸ್ಟೀವನ್ ಕೊಸ್ಸಾರ್ಡ್ 1994ರಲ್ಲಿ ಋತುಬಂಧವಾದ ಮಹಿಳೆಯರಲ್ಲಿ ಮೊದಲು ವಿವರಿಸಿದರು. ಹಣೆಯಂಚು ಪಟ್ಟಿಯ ಆಕಾರದಲ್ಲಿ ಹಿಂದೆ ಸರಿಯುವುದು, ಹುಬ್ಬುಗಳು ತೆಳುವಾಗುವುದು ಅಥವಾ ಇಲ್ಲವಾಗುವುದು, ಕೂದಲ ಬುಡದಲ್ಲಿ ಕೆಂಪು ಮತ್ತು ತುರಿಕೆ ಇದರ ಲಕ್ಷಣಗಳು. ಉರಿಯೂತದಿಂದ ಕೇಶಕೂಪಗಳು ನಾಶವಾಗಿ ಅಲ್ಲಿ ಗಾಯದ ಕಲೆಯ ಅಂಗಾಂಶ ತುಂಬಿಕೊಳ್ಳುತ್ತದೆ. ಕಳೆದುಹೋದ ಕೂದಲು ಮರಳುವುದಿಲ್ಲ. ಉಳಿದುದನ್ನು ಕಾಪಾಡುವುದಷ್ಟೇ ಚಿಕಿತ್ಸೆಯ ಗುರಿ. ಹಾಗಾಗಿ ವಯಸ್ಸಾದಂತೆ ಹುಬ್ಬು ಉದುರುವುದು ಸಹಜವೆಂದು ಸುಮ್ಮನಿರುವುದು ಸಲ್ಲದು.

ಪರೀಕ್ಷೆ ಮತ್ತು ರೋಗನಿರ್ಣಯ

ಚರ್ಮರೋಗತಜ್ಞರು ಮೊದಲು ಕೂದಲು ಉದುರಲು ಆರಂಭವಾದ ಸಮಯ, ಹಿಂದಿನ ಆರು ತಿಂಗಳ ಕಾಯಿಲೆಗಳು, ಸೇವಿಸುತ್ತಿರುವ ಔಷಧಿಗಳು, ಆಹಾರಕ್ರಮ, ಮುಟ್ಟಿನ ವಿವರ ಮತ್ತು ಕುಟುಂಬದ ಹಿನ್ನೆಲೆಯನ್ನು ವಿಚಾರಿಸುತ್ತಾರೆ. ಸುಮಾರು 50–60 ಕೂದಲುಗಳ ಒಂದು ಗೊಂಚಲನ್ನು ಹಿಡಿದು ಮೆಲ್ಲಗೆ ಎಳೆದು ಎಷ್ಟು ಕೂದಲು ಕೈಗೆ ಬರುತ್ತದೆಂದು ನೋಡಲಾಗುತ್ತದೆ. ಡರ್ಮೊಸ್ಕೋಪ್ ಎಂಬ ಭೂತಗನ್ನಡಿಯಂಥ ಉಪಕರಣದಿಂದ ಎಳೆಗಳ ದಪ್ಪವನ್ನೂ ಕೇಶಕೂಪದ ಬಾಯಿಗಳನ್ನೂ ಪರಿಶೀಲಿಸಲಾಗುತ್ತದೆ. ಅಗತ್ಯವಿದ್ದರೆ ಹಿಮೋಗ್ಲೋಬಿನ್, ಫೆರಿಟಿನ್, ಥೈರಾಯ್ಡ್, ವಿಟಮಿನ್ ಡಿ ಮತ್ತು ಬಿ12 ಪರೀಕ್ಷೆಗಳನ್ನು ಮಾಡಿಸಲಾಗುತ್ತದೆ. ಗಾಯದ ಕಲೆ ಉಳಿಸುವ ವಿಧದ ಸಂಶಯವಿದ್ದಲ್ಲಿ ಚರ್ಮದ ಸಣ್ಣ ತುಣುಕನ್ನು ತೆಗೆದು ಪರೀಕ್ಷಿಸಲಾಗುತ್ತದೆ.

ಕೂದಲು ಕೆಲವೇ ತಿಂಗಳಲ್ಲಿ ವೇಗವಾಗಿ ಉದುರಿ, ಜೊತೆಗೆ ಧ್ವನಿ ಗಡುಸಾಗುವುದು ಅಥವಾ ಮುಖದ ಮೇಲೆ ದಟ್ಟ ಕೂದಲು ಬೆಳೆಯುವುದು ಕಂಡರೆ ಆಂಡ್ರೊಜೆನ್ ಸ್ರವಿಸುವ ಗೆಡ್ಡೆಯ ಸಾಧ್ಯತೆಯನ್ನು ಪರೀಕ್ಷಿಸಬೇಕಾಗುತ್ತದೆ. ನೋವು, ಕೀವು, ದುಂಡಗಿನ ಬೋಳು ತೇಪೆಗಳು, ನುಣುಪಾದ ಹೊಳೆಯುವ ಚರ್ಮ ಇವು ಕಂಡಾಗಲೂ ವಿಳಂಬ ಮಾಡಬಾರದು. ಋತುಬಂಧವಾಗಿ ಒಂದು ವರ್ಷ ಕಳೆದ ಮೇಲೆ ರಕ್ತಸ್ರಾವವಾದರೆ, ಅದು ಎಷ್ಟೇ ಅಲ್ಪವಾಗಿದ್ದರೂ, ಸ್ತ್ರೀರೋಗತಜ್ಞರ ಪರೀಕ್ಷೆ ಅವಶ್ಯಕ.

ಚಿಕಿತ್ಸೆ

ಮಿನಾಕ್ಸಿಡಿಲ್

ಸ್ತ್ರೀ ಮಾದರಿಯ ಕೂದಲು ನಷ್ಟಕ್ಕೆ ಅತಿ ಹೆಚ್ಚು ಬಳಕೆಯಲ್ಲಿರುವ ಔಷಧಿ ಮಿನಾಕ್ಸಿಡಿಲ್. ಮೂಲತಃ ಇದು ಅಧಿಕ ರಕ್ತದೊತ್ತಡಕ್ಕೆ ನೀಡುತ್ತಿದ್ದ ಮಾತ್ರೆ. ಅದನ್ನು ಸೇವಿಸಿದವರ ಮೈಮೇಲೆ ಕೂದಲು ಬೆಳೆಯುವುದನ್ನು ಗಮನಿಸಿದ ಬಳಿಕ ಹಚ್ಚುವ ದ್ರಾವಣವನ್ನು ರೂಪಿಸಲಾಯಿತು. ಅಮೆರಿಕದಲ್ಲಿ 1988ರಲ್ಲಿ ಪುರುಷರ ಬಳಕೆಗೂ, 1990ರ ದಶಕದ ಆರಂಭದಲ್ಲಿ ಮಹಿಳೆಯರ ಬಳಕೆಗೂ ಇದಕ್ಕೆ ಅನುಮತಿ ದೊರೆಯಿತು. ಮಹಿಳೆಯರಿಗೆ ಸಾಮಾನ್ಯವಾಗಿ ಶೇಕಡಾ 2ರ ದ್ರಾವಣವನ್ನು ದಿನಕ್ಕೆ ಎರಡು ಬಾರಿ ಅಥವಾ ಶೇಕಡಾ 5ರ ನೊರೆಯನ್ನು ದಿನಕ್ಕೊಮ್ಮೆ ಸೂಚಿಸಲಾಗುತ್ತದೆ. ಇದನ್ನು ಕೂದಲಿಗಲ್ಲದೆ ನೆತ್ತಿಯ ಚರ್ಮಕ್ಕೆ ತಗುಲುವಂತೆ ಹಚ್ಚಬೇಕು.

ಆರಂಭದ ಕೆಲವು ವಾರಗಳಲ್ಲಿ ಉದುರುವಿಕೆ ಹೆಚ್ಚಾಗುವುದುಂಟು. ಹಳೆಯ ಕೂದಲು ಜಾಗ ಬಿಟ್ಟುಕೊಡುವುದರ ಸೂಚನೆಯಾದ ಇದನ್ನು ಕಂಡು ಹೆದರಿ ಅನೇಕರು ಔಷಧಿಯನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ. ಫಲಿತಾಂಶ ಕಾಣಲು ಕನಿಷ್ಠ ನಾಲ್ಕರಿಂದ ಆರು ತಿಂಗಳು ಬೇಕು. ಬಳಕೆ ನಿಲ್ಲಿಸಿದರೆ ಕೆಲವು ತಿಂಗಳಲ್ಲಿ ಲಾಭ ಕರಗಿಹೋಗುತ್ತದೆ. ತುರಿಕೆ ಮತ್ತು ಮುಖದ ಮೇಲೆ ಸಣ್ಣ ಕೂದಲು ಬೆಳೆಯುವುದು ಇದರ ಅಡ್ಡಪರಿಣಾಮಗಳು. ಬೆಕ್ಕುಗಳಿಗೆ ಈ ದ್ರಾವಣ ಅಲ್ಪ ಪ್ರಮಾಣದಲ್ಲಿಯೂ ವಿಷಕಾರಿಯಾದ್ದರಿಂದ ಸಾಕುಪ್ರಾಣಿಗಳಿರುವ ಮನೆಗಳಲ್ಲಿ ಎಚ್ಚರ ಬೇಕು. ಕಡಿಮೆ ಪ್ರಮಾಣದ ಮಿನಾಕ್ಸಿಡಿಲ್ ಮಾತ್ರೆಯನ್ನೂ ತಜ್ಞರು ನೀಡುವುದುಂಟು. ಇದರಿಂದ ಕಾಲು ಊತ ಮತ್ತು ಎದೆಬಡಿತ ಉಂಟಾಗಬಹುದಾದ್ದರಿಂದ ಹೃದಯ ಮತ್ತು ರಕ್ತದೊತ್ತಡದ ಸ್ಥಿತಿಯನ್ನು ನೋಡಿಯೇ ಆರಂಭಿಸಲಾಗುತ್ತದೆ.

ಇತರ ಚಿಕಿತ್ಸೆಗಳು

ಸ್ಪೈರನೊಲ್ಯಾಕ್ಟೋನ್, ಫಿನಾಸ್ಟರೈಡ್ ಮುಂತಾದ ಆಂಡ್ರೊಜೆನ್ ವಿರೋಧಿ ಔಷಧಿಗಳನ್ನು ಆಯ್ದ ಸಂದರ್ಭಗಳಲ್ಲಿ ನೀಡಲಾಗುತ್ತದೆ. ಇವು ಗರ್ಭದಲ್ಲಿರುವ ಗಂಡುಶಿಶುವಿನ ಬೆಳವಣಿಗೆಗೆ ಹಾನಿ ಮಾಡಬಲ್ಲವು. ಮುಟ್ಟು ಏರುಪೇರಾಗಿದ್ದರೂ ಪೂರ್ಣ ನಿಲ್ಲದವರಲ್ಲಿ ಗರ್ಭಧಾರಣೆಯ ಸಾಧ್ಯತೆ ಇರುವುದರಿಂದ ಈ ಎಚ್ಚರಿಕೆ ಅವರಿಗೂ ಅನ್ವಯಿಸುತ್ತದೆ. ಹಾರ್ಮೋನು ಚಿಕಿತ್ಸೆಯು ಮೈ ಬಿಸಿಯಾಗಿ ಬೆವರುವುದು, ನಿದ್ರಾಹೀನತೆ ಮುಂತಾದ ತೊಂದರೆಗಳಿಗಾಗಿ ಇರುವಂಥದ್ದು. ಕೂದಲಿಗಾಗಿ ಮಾತ್ರ ಅದನ್ನು ಶಿಫಾರಸು ಮಾಡಲಾಗುವುದಿಲ್ಲ. ರೋಗಿಯದೇ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ದ್ರವದ ಚುಚ್ಚುಮದ್ದು, ಕಡಿಮೆ ಶಕ್ತಿಯ ಲೇಸರ್ ಮತ್ತು ಕೂದಲು ಕಸಿ ಕೂಡ ಲಭ್ಯವಿವೆ. ಇವು ದುಬಾರಿಯಾಗಿದ್ದು, ಎಲ್ಲರಲ್ಲಿಯೂ ಒಂದೇ ರೀತಿಯ ಫಲ ನೀಡುವುದಿಲ್ಲ.

ಆಹಾರ ಮತ್ತು ಪೂರಕಗಳು

ಕೂದಲು ಮುಖ್ಯವಾಗಿ ಕೆರಾಟಿನ್ ಎಂಬ ಪ್ರೋಟೀನಿನಿಂದ ಆಗಿದೆ. ಅನ್ನ ಮತ್ತು ತಿಳಿಸಾರಿಗೆ ಸೀಮಿತವಾದ ಊಟದಲ್ಲಿ ಪ್ರೋಟೀನ್ ಸಾಲದೆ ಹೋಗಬಹುದು. ಹುರುಳಿ, ಹೆಸರುಕಾಳು, ಅಲಸಂದೆ, ಕಡಲೆ, ಮೊಸರು, ಮೊಟ್ಟೆ, ಮೀನು ಇದನ್ನು ಸರಿದೂಗಿಸುತ್ತವೆ. ಕಾಳು ಮತ್ತು ಸೊಪ್ಪಿನಲ್ಲಿರುವ ಕಬ್ಬಿಣಾಂಶವನ್ನು ದೇಹ ಹೀರಿಕೊಳ್ಳಲು ನಿಂಬೆರಸ, ನೆಲ್ಲಿಕಾಯಿ, ಸೀಬೆಹಣ್ಣಿನಂಥ ವಿಟಮಿನ್ ಸಿ ಇರುವ ಪದಾರ್ಥಗಳು ನೆರವಾಗುತ್ತವೆ. ಊಟದ ಜೊತೆಗೇ ಕಾಫಿ ಅಥವಾ ಚಹಾ ಕುಡಿದರೆ ಹೀರಿಕೆ ಕುಗ್ಗುತ್ತದೆ.

ಬಯೋಟಿನ್ ಮಾತ್ರೆಗಳ ಮಾರಾಟ ವ್ಯಾಪಕವಾಗಿದ್ದರೂ ಅದರ ಕೊರತೆ ಇಲ್ಲದವರಿಗೆ ಅವು ಉಪಯುಕ್ತವೆಂಬುದಕ್ಕೆ ಗಟ್ಟಿ ಆಧಾರವಿಲ್ಲ. ಹೆಚ್ಚು ಪ್ರಮಾಣದ ಬಯೋಟಿನ್ ಥೈರಾಯ್ಡ್ ಪರೀಕ್ಷೆಯನ್ನೂ, ಹೃದಯಾಘಾತ ಪತ್ತೆಹಚ್ಚುವ ಟ್ರೊಪೋನಿನ್ ಪರೀಕ್ಷೆಯನ್ನೂ ದಾರಿತಪ್ಪಿಸಬಲ್ಲದು. ಆದ್ದರಿಂದ ರಕ್ತಪರೀಕ್ಷೆಗೆ ಮುನ್ನ ವೈದ್ಯರಿಗೆ ಅದನ್ನು ತಿಳಿಸಬೇಕು.

ದೈನಂದಿನ ಆರೈಕೆ

ಒದ್ದೆ ಕೂದಲನ್ನು ಟವೆಲಿನಿಂದ ಬಡಿಯದೆ ಒತ್ತಿ ಒರೆಸುವುದು, ಅಗಲ ಹಲ್ಲಿನ ಬಾಚಣಿಗೆ ಬಳಸುವುದು, ಜಡೆಯನ್ನು ಸಡಿಲವಾಗಿ ಹೆಣೆಯುವುದು ಎಳೆಗಳು ತುಂಡಾಗದಂತೆ ತಡೆಯುತ್ತವೆ. ಕೊಬ್ಬರಿ ಎಣ್ಣೆ ಕೂದಲಿನಿಂದ ಪ್ರೋಟೀನ್ ನಷ್ಟವಾಗುವುದನ್ನು ಕಡಿಮೆ ಮಾಡುತ್ತದೆ. ಆದರೆ ಎಣ್ಣೆಯಿಂದ ಹೊಸ ಕೂದಲು ಹುಟ್ಟುತ್ತದೆಂಬುದು ಸಾಬೀತಾಗಿಲ್ಲ. ತಲೆ ತೊಳೆಯುವುದರಿಂದ ಬೋಳಾಗುವುದಿಲ್ಲ. ನರೆ ಮುಚ್ಚಲು ಬಳಸುವ ಬಣ್ಣಗಳಲ್ಲಿನ ಪ್ಯಾರಾಫಿನಿಲೀನ್‌ಡೈಅಮೀನ್ ಎಂಬ ರಾಸಾಯನಿಕ ಕೆಲವರಲ್ಲಿ ತೀವ್ರ ಅಲರ್ಜಿ ಉಂಟುಮಾಡುವುದರಿಂದ ಮೊದಲು ಮೊಣಕೈಯ ಒಳಭಾಗಕ್ಕೆ ಹಚ್ಚಿ ನೋಡುವುದು ಸೂಕ್ತ. ‘ಕಪ್ಪು ಮೆಹೆಂದಿ’ ಎಂದು ಮಾರಲಾಗುವ ಉತ್ಪನ್ನಗಳಲ್ಲಿಯೂ ಈ ರಾಸಾಯನಿಕವಿರುವುದುಂಟು.

ಬೈತಲೆಯ ಜಾಗ ಬದಲಿಸುವುದು, ಕೂದಲನ್ನು ಗಿಡ್ಡವಾಗಿ ಕತ್ತರಿಸುವುದು, ನೆತ್ತಿಗೆ ಉದುರಿಸುವ ಬಣ್ಣದ ನಾರಿನ ಪುಡಿ, ನೆತ್ತಿಯಷ್ಟಕ್ಕೇ ಹೊಂದುವ ಕೃತಕ ಕೂದಲಿನ ತುಣುಕು ಮುಂತಾದವು ತೆಳುವಾದ ಭಾಗವನ್ನು ಮರೆಮಾಡುತ್ತವೆ. ಜಡೆಗೆ ಚೌರಿ ಸೇರಿಸಿ ಹೆಣೆಯುವುದು ಕರ್ನಾಟಕದಲ್ಲಿ ಹಿಂದಿನಿಂದಲೂ ಇರುವ ರೂಢಿ. ಭಾರವಾದ ಚೌರಿ ಮತ್ತು ಹೂವಿನ ದಂಡೆಯನ್ನು ದುರ್ಬಲ ಕೂದಲಿಗೆ ಬಿಗಿದರೆ ಎಳೆತದಿಂದ ನಷ್ಟ ಹೆಚ್ಚಾಗುವುದರಿಂದ ಹಗುರವಾದುದನ್ನು ಸ್ವಲ್ಪ ಹೊತ್ತು ಮಾತ್ರ ಬಳಸುವುದು ಒಳಿತು.

ಮಾನಸಿಕ ಮತ್ತು ಸಾಮಾಜಿಕ ಆಯಾಮ

ಉದ್ದನೆಯ ಜಡೆ ಮತ್ತು ಮುಡಿದ ಹೂವು ಕನ್ನಡ ನಾಡಿನಲ್ಲಿ ಸೌಂದರ್ಯದ ಜೊತೆಗೆ ಸೌಭಾಗ್ಯದ ಗುರುತಾಗಿಯೂ ಪರಿಗಣಿತವಾಗಿವೆ. ಕೆಲವು ಸಮುದಾಯಗಳಲ್ಲಿ ವಿಧವೆಯರ ತಲೆ ಬೋಳಿಸುವ ಪದ್ಧತಿಯೂ ಹಿಂದೆ ಇದ್ದಿತು. ಈ ಹಿನ್ನೆಲೆಯಲ್ಲಿ ತೆಳುವಾಗುವ ಕೂದಲು ಅನೇಕರಿಗೆ ನಾಚಿಕೆಯ ಸಂಗತಿಯಾಗಿ, ಮದುವೆ ಮುಂಜಿಗಳಿಗೆ ಹೋಗಲು ಹಿಂಜರಿಯುವಂತೆ ಮಾಡುತ್ತದೆ. ‘ವಯಸ್ಸಾಯಿತಲ್ಲ’ ಎಂಬ ಮನೆಯವರ ಮಾತು ಸಮಾಧಾನಕ್ಕಿಂತ ಹೆಚ್ಚಾಗಿ ಚಿಕಿತ್ಸೆಯನ್ನು ಮುಂದೂಡಲು ಕಾರಣವಾಗುವುದುಂಟು. ಋತುಬಂಧದ ಅವಧಿಯಲ್ಲಿ ಖಿನ್ನತೆ ಮತ್ತು ಆತಂಕದ ಸಾಧ್ಯತೆ ಹೆಚ್ಚಿರುವುದರಿಂದ ನಿದ್ರೆ, ಹಸಿವು, ಆಸಕ್ತಿ ಕುಂದಿದಾಗ ಕೂದಲಿನ ಚಿಕಿತ್ಸೆಯ ಜೊತೆಗೆ ಆಪ್ತಸಮಾಲೋಚನೆಯನ್ನೂ ಪಡೆಯುವುದು ಉಪಯುಕ್ತ. ಒಂದೇ ಬೆಳಕಿನಲ್ಲಿ, ಒಂದೇ ಬೈತಲೆಯಲ್ಲಿ ಮೂರು ತಿಂಗಳಿಗೊಮ್ಮೆ ತೆಗೆದ ಛಾಯಾಚಿತ್ರಗಳು ದಿನನಿತ್ಯ ಕನ್ನಡಿ ನೋಡಿ ಎಣಿಸುವ ಆತಂಕವನ್ನು ತಗ್ಗಿಸುತ್ತವೆ. ಚಿಕಿತ್ಸೆಯ ಫಲವನ್ನು ಅಳೆಯಲು ವೈದ್ಯರಿಗೂ ನೆರವಾಗುತ್ತವೆ.

ಪ್ರತಿವರ್ಷ ಅಕ್ಟೋಬರ್ 18ರಂದು ವಿಶ್ವ ಋತುಬಂಧ ದಿನವನ್ನು ಆಚರಿಸಲಾಗುತ್ತದೆ. ಜೀವನದ ಈ ಹಂತದಲ್ಲಿ ಮಹಿಳೆಯರ ಆರೋಗ್ಯದ ಕುರಿತು ಅರಿವು ಮೂಡಿಸುವುದು ಇದರ ಉದ್ದೇಶ.